ಒಂದೇ ಆಂಪೂಲ್ ಹಾಕಿದ ಭಾನುವಾರ

ಎಡೆಯೂರು ಸಿದ್ಧಲಿಂಗೇಶ್ವರನನ್ನು ನಂಬಿದವರ ಮುಂದೆ ಇದನ್ನು ಹೇಳಿಕೊಳ್ಳಲು ನನಗೆ ಐದು ತಿಂಗಳು ಬೇಕಾಯಿತು. ಕಳೆದ ಕಾರ್ತಿಕದ ಎರಡನೇ ಭಾನುವಾರ ನನ್ನ ತಪ್ಪಿನಿಂದ ಒಬ್ಬ ತಾಯಿಯ ಜೀವ ಹೋಗುವುದರಲ್ಲಿತ್ತು.

ನಾನು ಗುಬ್ಬಿಯವಳು. ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಶನಿವಾರ, ಭಾನುವಾರ ಮಾತ್ರ ನರ್ಸ್ ಕೆಲಸ. ನನಗೆಂದು ಒಂದು ವಾರ್ಡ್ ಇಲ್ಲ. ಎರಡು ಐಸಿಯುಗಳಲ್ಲಿ ಎಲ್ಲಿ ಜನ ಕಡಿಮೆಯೋ ಅಲ್ಲಿಗೆ ಕಳಿಸುತ್ತಾರೆ. ಅದು ನನ್ನ ಹದಿನೇಳನೇ ವಾರ. ರಕ್ತದೊತ್ತಡ ಬೀಳದಂತೆ ಹಿಡಿಯುವ ಔಷಧಿಯನ್ನು ಮೇಲಿನ ಐಸಿಯುನಲ್ಲಿ ಸಿರಿಂಜಿಗೆ ಒಂದು ಆಂಪೂಲ್, ಅಂದರೆ ಒಂದು ಪುಟ್ಟ ಗಾಜಿನ ಸೀಸೆಯಷ್ಟು, ಹಾಕಿ ಬೆರೆಸುತ್ತಾರೆ, ಕೆಳಗಿನದರಲ್ಲಿ ಎರಡು. ಶನಿವಾರ ಮೇಲಿದ್ದೆ, ಭಾನುವಾರ ಕೆಳಗೆ.

ಮೂರನೇ ಬೆಡ್ಡಿನಲ್ಲಿ ಹುತ್ರಿದುರ್ಗದ ಗಂಗಮ್ಮ ಇದ್ದರು. ರಕ್ತಕ್ಕೆ ಸೋಂಕು ಏರಿತ್ತು. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗಳು ರತ್ನ ಬಾಗಿಲ ಹೊರಗೇ ಕೂತಿದ್ದಳು. "ನಮ್ಮವ್ವ ನಿಮ್ ಮಾತು ಒಂದ್ನೇ ಕೇಳೋದು ಕಣ್ರೀ. ನನ್ನ ಕಂಡ್ರೆ ಉರ್ಕಂಡು ಬೀಳ್ತದೆ," ಎಂದು ನಗುತ್ತಿದ್ದಳು.

ಮಧ್ಯಾಹ್ನ ಒಂದು ಐವತ್ತಕ್ಕೆ ಗಂಗಮ್ಮನಿಗೆ ಆ ಔಷಧಿ ಹನಿಸುವ ಪಂಪಿನ ಸಿರಿಂಜ್ ಮುಗಿಯಿತು. ಹೊಸದನ್ನು ಇನ್ನೊಬ್ಬ ನರ್ಸ್ ನೋಡಿ ಸಹಿ ಮಾಡಬೇಕೆಂಬುದು ನಿಯಮ. ಅವಳು ಊಟಕ್ಕೆ ಹೋಗಿದ್ದಳು. ನನಗೆ ಎರಡು ಹದಿನೈದರ ಗುಬ್ಬಿ ಬಸ್ ತಪ್ಪಿಸಿಕೊಳ್ಳಲು ಮನಸ್ಸಿರಲಿಲ್ಲ. ಅವಳಿಗೆ ಕಾಯದೆ, ಹಿಂದಿನ ದಿನದ ಅಭ್ಯಾಸದಲ್ಲಿ ಒಂದೇ ಆಂಪೂಲ್ ಬೆರೆಸಿ, 'ಎರಡು ಆಂಪೂಲ್' ಎಂದು ಅಚ್ಚಾಗಿದ್ದ ಕೆಳಗಿನ ವಾರ್ಡಿನ ಚೀಟಿಯನ್ನು ಅಂಟಿಸಿದೆ. ಮುಂದಿನ ಪಾಳಿಗೆ ಒಪ್ಪಿಸಿ ಓಡಿದೆ.

ಬಸ್ಸಿನಲ್ಲಿ ಕೂತು ದಿನಚರಿ ಬರೆಯುವುದು ನನ್ನ ರೂಢಿ: ಎಷ್ಟು ರೋಗಿಗಳು, ಯಾವ ಔಷಧಿ ಎಷ್ಟು. ಹೆಗ್ಗೆರೆ ದಾಟುವಾಗ 'ಗಂಗಮ್ಮ, ಆಂಪೂಲ್ ಒಂದು' ಎಂದು ಬರೆದೆ. ಪೆನ್ನು ಅಲ್ಲೇ ನಿಂತಿತು.

ಆಗ ನಾನು ಮಾಡಿದ ಮೊದಲ ಪ್ರಾರ್ಥನೆ ಬರೆಯಲು ಈಗಲೂ ನಾಚಿಕೆ. 'ಅಪ್ಪಾ, ಇದು ಯಾರಿಗೂ ಗೊತ್ತಾಗದಿರಲಿ' ಎಂದೆ. ಗಂಗಮ್ಮ ಬದುಕಲಿ ಎನ್ನಲಿಲ್ಲ. ಫೋನ್ ಕೈಯಲ್ಲೇ ಇತ್ತು. ಆರು ನಿಮಿಷ ಹಾಗೇ ಕೂತೆ. ಆಮೇಲೆ ಅಳು ಬಂತು. 'ನನಗೆ ಧೈರ್ಯ ಇಲ್ಲ, ನೀನೇ ಬಾಯಿ ಬಿಡಿಸು' ಎಂದು ಬೇಡಿಕೊಂಡೆ.

ಕಣ್ಣು ಒರೆಸಿಕೊಳ್ಳುವ ಮೊದಲೇ ಫೋನ್ ಬಂತು. ಕೆಳಗಿನ ಐಸಿಯು ಮೇಲ್ವಿಚಾರಕಿ ಜಯಮ್ಮ ಸಿಸ್ಟರ್. ಪಾಳಿ ಮುಗಿದ ಮೇಲೆ ಅವರು ನನಗೆ ಎಂದೂ ಫೋನ್ ಮಾಡಿದವರಲ್ಲ.

"ಏನೇ, ಮೂರನೇ ಬೆಡ್ ಬಿಪಿ ಅರವತ್ತಕ್ಕೆ ಬಂದೈತೆ. ಪಂಪ್ ಎರಡು ಸಲ ಏರಿಸಿದ್ರೂ ನಿಲ್ತಿಲ್ಲ. ಹೊಟ್ಟೇಲಿ ರಕ್ತ ಸೋರ್ತಿರ್ಬೇಕು ಅಂತ ಡಾಕ್ಟ್ರು ಸ್ಕ್ಯಾನಿಗೆ ಎತ್ಕೊಂಡು ಹೋಗ್ತಾವ್ರೆ. ನಿನ್ ಪಾಳೀಲಿ ಹೆಂಗಿದ್ಲು?"

ಆ ಸ್ಥಿತಿಯಲ್ಲಿ ಬೆಡ್ಡಿನಿಂದ ಅಲುಗಿಸಿದರೆ ಗಂಗಮ್ಮ ಉಳಿಯುವುದು ಕಷ್ಟವಿತ್ತು.

"ಸಿಸ್ಟರ್, ಎತ್ಬೇಡಿ. ಸಿರಿಂಜಲ್ಲಿ ಒಂದೇ ಆಂಪೂಲ್ ಇದೆ. ನಾನೇ ತಪ್ಪು ಹಾಕಿದೀನಿ."

 "ಇಡು ಫೋನ್" ಎಂದರು.

ಮಲ್ಲಸಂದ್ರದಲ್ಲಿ ಇಳಿದು ತುಮಕೂರಿನ ಬಸ್ ಹಿಡಿದೆ. ವಾರ್ಡಿಗೆ ಬಂದಾಗ ಸಿರಿಂಜ್ ಬದಲಾಯಿಸಿದ್ದರು, ಗಂಗಮ್ಮನ ಒತ್ತಡ ನೂರ ಎಂಟು. ಸ್ಕ್ಯಾನಿಗೆ ಒಯ್ದಿರಲಿಲ್ಲ. ಜಯಮ್ಮ ಸಿಸ್ಟರ್ ನನ್ನ ಮುಖ ನೋಡದೆ, "ಬುಡು, ಅಳೋದು ಆಮ್ಯಾಕೆ. ಮೊದ್ಲು ಬರ್ದು ಕೊಡು," ಎಂದು ಕಾಗದ ಮುಂದಿಟ್ಟರು. ನಡೆದದ್ದನ್ನೆಲ್ಲ ಬರೆದೆ. ನಾಲ್ಕು ವಾರ ಕೆಲಸದಿಂದ ದೂರ ಇಟ್ಟರು. ಅದು ಹೆಚ್ಚೇನಲ್ಲ.

ಹೊರಗೆ ರತ್ನ ನನ್ನ ಕೈ ಹಿಡಿದು, "ಸಿಸ್ಟರ್, ನೀವು ವಾಪಸ್ ಬಂದ್ರಲ್ಲ, ಸಾಕು," ಎಂದಳು. ಕೈ ಬಿಡಿಸಿಕೊಂಡೆ. ಅವಳಿಗೂ ಹೇಳಿದೆ. ಬಸ್ಸಿನಲ್ಲಿ ಸುಮ್ಮನೆ ಕೂತ ಆರು ನಿಮಿಷವನ್ನೂ ಬಿಡದೆ ಹೇಳಿದೆ.

ಅವಳು ಗೋಡೆಯ ಕಡೆ ತಿರುಗಿ ಕೇಳಿದಳು: "ಎತ್ಬೇಡಿ ಅಂದೋರೂ ನೀವೇಯಾ?"

"ಹೂಂ."

"ಹಂಗಾರೆ ನಿಮ್ಗೆ ಬಯ್ಯನಾ, ಕೈ ಮುಗಿಯನಾ? ಇವತ್ತು ನಂಗೊತ್ತಾಗಲ್ಲ. ನೀವು ಹೋಗಿ."

ಹನ್ನೊಂದನೇ ದಿನ ಗಂಗಮ್ಮ ತಮ್ಮ ಕಾಲಲ್ಲೇ ನಡೆದು ಮನೆಗೆ ಹೋದರೆಂದು ಜಯಮ್ಮ ಸಿಸ್ಟರ್ ತಿಳಿಸಿದರು. ರತ್ನ ಮತ್ತೆ ನನ್ನೊಡನೆ ಮಾತಾಡಿಲ್ಲ. ಅದು ಅವಳ ಹಕ್ಕು.

ಇದನ್ನು ಪವಾಡ ಎನ್ನಲು ನನಗೆ ಮುಖವಿಲ್ಲ. ಪವಾಡ ಬೇಕಾಗುವ ಹಾಗೆ ಮಾಡಿದವಳೇ ನಾನು. ಆದರೂ ನನ್ನ ಎರಡು ಪ್ರಾರ್ಥನೆಗಳಲ್ಲಿ ಯಾವುದನ್ನು ನಡೆಸಬೇಕು, ಯಾವುದನ್ನು ತಳ್ಳಬೇಕು ಎಂಬುದು ಸಿದ್ಧಲಿಂಗೇಶ್ವರನಿಗೆ ತಿಳಿದಿತ್ತು. ನಡೆಸಿದ್ದಕ್ಕಿಂತ ತಳ್ಳಿದ್ದಕ್ಕೇ ದಿನವೂ ಅವನ ಪಾದಕ್ಕೆ ಹಣೆ ಹಚ್ಚುತ್ತೇನೆ.