ದೇವರ ಚೀಟಿ, ಬೋಣಿಯಾಗುವ ತನಕ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ದಿನಾ ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದೆ. ಗೇಟಿನಲ್ಲಿ, ಭತ್ತ ತೂಗುವ ಎರಡು ಕಾಟಾಗಳಲ್ಲಿ, ಆಫೀಸಿನಲ್ಲಿ ಒಂದೊಂದು ಪರದೆ. ಭತ್ತ ಕೊಂಡ ಚೀಟಿಯಿರಲಿ, ಅಕ್ಕಿ ಮಾರಿದ ಚೀಟಿಯಿರಲಿ, ಎಲ್ಲಕ್ಕೂ ಸಾಲಾಗಿ ನಂಬರು ಕೊಡುವುದು ಒಳಕೋಣೆಯ ಸರ್ವರ್.

ಸುಗ್ಗಿ ಶುರುವಾದದ್ದೇ ತಡ, ಅದು ಹಟ ಹಿಡಿಯಿತು. ಬೆಳಿಗ್ಗೆ ರೈತನ ಹೆಸರು ಹೊಡೆದರೆ ಪರದೆ ಅಲುಗಾಡುತ್ತಲೇ ಇರಲಿಲ್ಲ. ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂತು. ಸಾಲಗುಂದದ ರೈತನೊಬ್ಬ ಕಿಟಕಿಗೆ ಬಂದು, "ಏನವ್ವಾ, ನಿನ್ನ ಪೆಟಗಿ ಇನ್ನಾ ಚಾ ಕುಡಿಯಾಕತ್ತೈತೇನು?" ಎಂದ. ಮೈ ಉರಿಯಿತು. ಮಧ್ಯಾಹ್ನದ ಹೊತ್ತಿಗೆ ಅದು ತಾನೇ ಸರಿಹೋಗಿ ಕುದುರೆಯಂತೆ ಓಡುತ್ತಿತ್ತು.

ಫೋನು ಮಾಡಿದರೆ, ಮಷೀನು ಮಾರಿದ ಹೈದರಾಬಾದಿನವರು "ಇದು ಸಣ್ಣದಾಯಿತು, ದೊಡ್ಡದು ತಗೊಳ್ಳಿ" ಎಂದರು. ಮಿಲ್ಲಿನ ಸಾವ್ಕಾರರು ನನ್ನ ಕಡೆ ತಿರುಗಿದರು. "ನಾಳೆನೂ ಹಿಂಗಾತಂದ್ರ ಈ ಪೆಟಗಿಗಳ್ನ ಕಟ್ಟಿ ಇಡ್ತೀನಿ, ಕೈಲೆ ಬರಸ್ತೀನಿ. ನೀನೂ ಮಸ್ಕ್ಯಾಗ ಇದ್ದುಬಿಡು ಯವ್ವಾ." ಕೆಲಸ ಹೋಗುವ ಅಂಜಿಕೆ ಇತ್ತು, ಸುಳ್ಳೇಕೆ? ಆದರೆ ಹೆಣ್ಣುಮಗಳ ಕೈಲಿ ಇದು ನೀಗಲಿಲ್ಲ ಅನ್ನಿಸಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ಮಷೀನು ಸಣ್ಣದಾದರೆ ಮಧ್ಯಾಹ್ನದ ಗದ್ದಲವನ್ನು ಹೇಗೆ ತಾಳಿಕೊಳ್ಳುತ್ತದೆ? ಯಾರಾದರೂ ಕೇಳಬೇಕಲ್ಲ!

ಮರುದಿನ ಬೆಳಿಗ್ಗೆ ಮತ್ತೆ ನಿಂತಿತು. ಸರ್ವರ್ ಮುಂದೆ ಕೂತು, ಯಾರು ಯಾರಿಗಾಗಿ ಕಾಯುತ್ತಿದ್ದಾರೆಂದು ತೆಗೆಸಿ ನೋಡಿದೆ. ಸರ್ವರಿಗೆ ಕೆಲಸವೇ ಇರಲಿಲ್ಲ, ಸುಮ್ಮನೆ ಕೂತಿತ್ತು! ಗೇಟು ಕಾಯುತ್ತಿತ್ತು, ಎರಡೂ ಕಾಟಾ ಕಾಯುತ್ತಿದ್ದವು. ಮೂವರೂ ಕಾಯುತ್ತಿದ್ದುದು ಆಫೀಸಿನ ಪರದೆಗೆ.

ಆಫೀಸಿಗೆ ಓಡಿದೆ. ಅಲ್ಲಿ ಹಿರಿಯ ಗುಮಾಸ್ತರು ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಹೂ ಏರಿಸಿ ಕೂತಿದ್ದರು. ಪರದೆಯ ಮೇಲೆ ಅರ್ಧಕ್ಕೆ ನಿಂತ ಒಂದು ಚೀಟಿ, ಅದರಲ್ಲಿ ಅವರ ಮನೆದೇವರ ಹೆಸರು.

"ಕಾಕಾ, ಇದೇನ್ರೀ?"

"ದಿನದ ಮೊದಲನೇ ಚೀಟಿ ದೇವರದು, ತಂಗಿ. ಖಾತಿ ಪುಸ್ತಕ ಬರಿಯೋ ಕಾಲದಿಂದ ನಡಕೊಂಡು ಬಂದೈತಿ. ಅಕ್ಕಿ ಬೋಣಿ ಆಗೂತನಾ ಮುಗಸಂಗಿಲ್ಲ."

ಸಿಕ್ಕಿತು! ಪುಸ್ತಕದಲ್ಲಾದರೆ ದೇವರ ಹೆಸರಿನ ಕೆಳಗೆ ಬೇರೆಯವರು ಬರೆದುಕೊಂಡು ಹೋಗುತ್ತಿದ್ದರು. ಇಲ್ಲಿ ಆ ಚೀಟಿ ಮುಗಿಯುವ ತನಕ ಮುಂದಿನ ನಂಬರೇ ಹೊರಡುವುದಿಲ್ಲ. ಊರಿಗೆಲ್ಲ ಇರುವ ಒಂದೇ ನಳದ ಕೆಳಗೆ ಕೊಡ ಇಟ್ಟು ಮಾತಿಗೆ ಹೋದಂತೆ. ಮಧ್ಯಾಹ್ನ ಅಕ್ಕಿಯ ಮೊದಲ ಗಿರಾಕಿ ದುಡ್ಡು ಎಣಿಸಿದ್ದೇ ಕಾಕಾ ದೇವರ ಚೀಟಿ ಮುಗಿಸುತ್ತಿದ್ದರು, ದಾರಿ ಬಿಡುತ್ತಿತ್ತು. ಸುಗ್ಗಿಗೆ ಮುಂಚೆ ಬೆಳಿಗ್ಗೆ ಭತ್ತದ ಗಾಡಿಗಳೇ ಇರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.

ದೇವರನ್ನು ತೆಗೆಯಿರಿ ಅನ್ನುವಷ್ಟು ದಡ್ಡಿ ನಾನಲ್ಲ. "ದೇವರ ಚೀಟಿ ಅರ್ಧಕ್ಕ ಬಿಡಬಾರದು ಕಾಕಾ, ಪೂರಾ ಮಾಡ್ರಿ. ನಮ್ಮ ಬೋಣಿ ಕಾಯೋ ಗರಜು ದೇವರಿಗೇನೈತಿ?" ಎಂದೆ. ಅವರು ಪರದೆಗೆ ಕೈಮುಗಿದರು, ಕೀಲಿ ಒತ್ತಿದರು. ಗೇಟಿನವನು "ಬಂತು, ಬಂತು!" ಎಂದು ಕೂಗಿದ್ದು ಆಫೀಸಿಗೇ ಕೇಳಿಸಿತು. ಊಟದ ಹೊತ್ತಿಗೆ ರಸ್ತೆ ಖಾಲಿ.

ಸಂಜೆ ಸಾವ್ಕಾರರು ನನ್ನನ್ನು ಎದುರಿಗೆ ಕೂರಿಸಿಕೊಂಡೇ ಹೈದರಾಬಾದಿಗೆ ಫೋನು ಹಚ್ಚಿದರು. "ದೊಡ್ಡ ಮಷೀನು ಬ್ಯಾಡ್ರೀ. ನಿಮ್ಮ ಕಡೆ ಎಲ್ಲೆರ ಹಿಂಗ ನಿಂತ್ರ ಹೇಳ್ರಿ, ನಮ್ಮ ಕಂಪ್ಯೂಟರಿನಾಕಿನ್ನ ಕಳಸ್ತೀನಿ."