ಚಿಕ್ಕಮಾದಯ್ಯನವರ ಅಟ್ಟದಲ್ಲಿ ಹಗಲು ನಿದ್ದೆ

ಹೆಣ್ಣಿನ ಕಡೆಯವರ ಎದುರಿಗೆ, ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು, ಸಂಬಂಧ ಕುದುರಿಸುವ ದೊಡ್ಡಮನುಷ್ಯನ ಗತ್ತಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಮೇಲಿನಿಂದ ಏನೋ ಬೆಚ್ಚಗೆ ನನ್ನ ಬೋಳುತಲೆಯ ಮೇಲೆ ತೊಟ್ಟಿಕ್ಕಿತು. ಬೆರಳಲ್ಲಿ ಒರೆಸಿ ಮೂಸಿದೆ. ಘಮ್ಮೆಂದಿತು.

"ಏನ್ ಚಿಕ್ಕಮಾದಮ್ಮನೋರೆ, ಒಳಗೆ ಸಣ್ಣಕ್ಕಿ ಅನ್ನ ಬಸೀತಿದ್ದೀರಾ? ಏನ್ ವಾಸನೆ, ಏನ್ ವಾಸನೆ!" ಎಂದು ಹೊಗಳಿದೆ.

ಒಲೆಯ ಮೇಲಿದ್ದದ್ದು ಉಪ್ಪಿಟ್ಟು. ಎಲ್ಲರೂ ಮೊದಲು ನನ್ನ ತಲೆ ನೋಡಿದರು, ಆಮೇಲೆ ಅಟ್ಟ ನೋಡಿದರು. ಹಲಗೆಗಳ ಸಂದಿಯಿಂದ ಒಂದು ಕಪ್ಪು ಬಾಲ ಇಳಿಬಿದ್ದು ಮೆಲ್ಲಗೆ ತೂಗುತ್ತಿತ್ತು.

ಅದು ಪುನುಗು ಬೆಕ್ಕು. ಅದು ಮಲಗುವ ಜಾಗಕ್ಕೆಲ್ಲ ಅನ್ನದ ಘಮ ಬರುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ತಲೆ ತೊಳೆದುಕೊಂಡರೂ ಹೋಗುವುದಿಲ್ಲ ಎಂಬುದು ಅದಕ್ಕೂ ಆಮೇಲೆ.

ಕೊಪ್ಪದ ಈ ಹಳೇ ಹೆಂಚಿನ ಮನೆಯ ಯಜಮಾನ ಚಿಕ್ಕಮಾದಯ್ಯನವರು ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಪಾಳಿ ಕೆಲಸ ಮಾಡಿ ನಿವೃತ್ತರಾದವರು. ರಾತ್ರಿ ಪಾಳಿ ಮುಗಿಸಿ ಬಂದವನನ್ನು ಹಗಲು ಮಲಗಲು ಈ ಲೋಕ ಬಿಟ್ಟೀತೆ? ಸೊಪ್ಪಿನವಳು ಕೂಗುತ್ತಿದ್ದಳು, ಕುಕ್ಕರು ಕೂಗುತ್ತಿತ್ತು. ಬಂದ ನೆಂಟರಂತೂ "ಅಗಲೊತ್ನಲ್ಲಿ ಮಲಗವ್ನಲ್ಲ, ಉಸಾರಿಲ್ವಾ?" ಎಂದು ಅಲುಗಾಡಿಸಿ ಎಬ್ಬಿಸಿ ಆರೋಗ್ಯ ವಿಚಾರಿಸುತ್ತಿದ್ದರಂತೆ. "ಊರಿಗೆಲ್ಲ ರಾತ್ರಿ ಕರೆಂಟ್ ಕೊಟ್ಟಿವ್ನಿ ಮೇಷ್ಟ್ರೇ. ಅಗಲು ಒಂದ್ ಗಳಿಗೆ ಕತ್ಲು ಕೊಡಿ ಅಂದ್ರೆ ಒಬ್ರೂ ಕೊಡ್ನಿಲ್ಲ" ಎಂಬುದು ಅವರ ಸೇವಾವಧಿಯ ಸಾರಾಂಶ.

ಅಂಥವರ ಅಟ್ಟಕ್ಕೆ ಹಗಲು ಮಲಗುವ ಪ್ರಾಣಿ ಬಂದು ಸೇರಿದರೆ ಏನಾಗುತ್ತದೆ? ಮನೆಯಲ್ಲಿ ಕಾನೂನು ಜಾರಿಯಾಯಿತು. ಕುಕ್ಕರು ಹಿತ್ತಲಿಗೆ ಹೋಯಿತು. ಟೀವಿಯಲ್ಲಿ ಧಾರಾವಾಹಿಯ ಅತ್ತೆಯರು ಬಾಯಿ ಮಾತ್ರ ಆಡಿಸತೊಡಗಿದರು. ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆಂದು ಪಕ್ಕದ ಮನೆಯ ಮುದ್ದಯ್ಯ ಒಮ್ಮೆ ಬ್ರೆಡ್ಡು ತಂದುಕೊಟ್ಟು ಹೋದ.

ಚಿಕ್ಕಮಾದಯ್ಯನವರು ಮಾತ್ರ ಕುರ್ಚಿ ಹಾಕಿಕೊಂಡು ಆ ನಿದ್ದೆ ನೋಡುತ್ತಿದ್ದರು. ಬೆಳಗಿನ ಹೊತ್ತು ಅದು ಬಾಲದಲ್ಲಿ ಮೂಗು ಮುಚ್ಚಿಕೊಂಡು ಉಂಡೆಯಾಗಿರುತ್ತದೆ. ಹೆಂಚು ಕಾದ ಮೇಲೆ ತೊಲೆಗೆ ಬಂದು, ನಾಲ್ಕು ಕಾಲನ್ನೂ ಎರಡೂ ಕಡೆಗೆ ಇಳಿಬಿಟ್ಟು, ಒಣಗಹಾಕಿದ ಟವೆಲಿನ ಹಾಗೆ ಮಲಗುತ್ತದೆ. ಆಗಾಗ ಎದ್ದು ಪಾದ ನೆಕ್ಕಿ, ಆಕಳಿಸಿ, ಮಗ್ಗುಲು ಬದಲಿಸುತ್ತದೆ. ಸದ್ದಾದರೆ ಒಂದೇ ಕಣ್ಣು ತೆರೆಯುತ್ತದೆ. "ನಮ್ ಇಂಜಿನಿಯರ್ ಸಾಹೇಬ್ರು ನೋಡ್ದಂಗೇ ನೋಡ್ತದೆ" ಎನ್ನುತ್ತಿದ್ದರು.

ಅವರ ಹೆಂಡತಿ ಚಿಕ್ಕಮಾದಮ್ಮನಿಗೆ ಇದ್ದ ಚಿಂತೆಯೇ ಬೇರೆ. ಮಗ ಪ್ರೀತಂ ಮೂವತ್ತು ದಾಟಿದ್ದ. ಹಸು, ಕಬ್ಬು, ಒಳ್ಳೆಯ ನಡತೆ ಎಲ್ಲ ಇತ್ತು. ಹೆಣ್ಣು ಕೊಡುವವರು ಇರಲಿಲ್ಲ. ಹೊಲ ಮಾಡುವ ಹುಡುಗ ಎಂದೊಡನೆ ಬಂದವರು ಕಾಫಿ ಕುಡಿದು ಎದ್ದುಬಿಡುತ್ತಿದ್ದರು. ಈ ಸಲ ಮಳವಳ್ಳಿ ಕಡೆಯ ಕರಿಯಯ್ಯನವರ ಮಗಳು ಕುಸುಮಳ ಸಂಬಂಧ ತಂದವನು ನಾನು. ಹುಡುಗಿ ನರ್ಸು, ಹೆಚ್ಚಾಗಿ ರಾತ್ರಿ ಡ್ಯೂಟಿ. "ಅಗಲೆಲ್ಲ ಮಲಗೋ ಸೊಸೆ ತಕೊಂಡು ಏನ್ಮಾಡಾದು?" ಎಂದು ಹಿಂದೆ ಎರಡು ಕಡೆ ಮುರಿದುಹೋಗಿತ್ತು. ಡ್ಯೂಟಿಯ ಮಾತೆತ್ತಬೇಡಿ ಎಂದು ಕರಿಯಯ್ಯ ನನಗೆ ಹೇಳಿದ್ದರು. ಅಟ್ಟದ ಮಾತೆತ್ತಬೇಡಿ ಎಂದು ಚಿಕ್ಕಮಾದಮ್ಮ ಹೇಳಿದ್ದರು. ಬಾಯಿಗೆ ಎರಡು ಬೀಗ ಹಾಕಿಕೊಂಡು ಕೂತವನು ನಾನು, ಬಿಟ್ಟುಕೊಟ್ಟಿದ್ದು ಮೂಗು.

ಮನೆ ನೋಡಲು ಹುಡುಗಿಯೂ ಬಂದಿದ್ದಳು. ರಾತ್ರಿ ಡ್ಯೂಟಿ ಮುಗಿಸಿ ನೇರ ಬಸ್ಸು ಹತ್ತಿದವಳು, ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು.

"ಏನ್ರೀ ಅದು? ಮನೆಯೊಳ್ಗೆ ಕಾಡುಪ್ರಾಣಿ ಮಡಗಿದ್ದೀರಾ?" ಎಂದರು ಕರಿಯಯ್ಯ, ಬಾಲ ನೋಡುತ್ತ.

"ಬೆಕ್ಕು ಕಣಣ್ಣ, ಈಗ್ಲೇ ಓಡುಸ್ತೀನಿ" ಎಂದು ಚಿಕ್ಕಮಾದಮ್ಮ ತೆಂಗಿನಕಾಯಿ ಕೀಳುವ ದೋಟಿಯನ್ನೇ ತಂದರು.

"ಮೊದ್ಲು ಓಡ್ಸಿ. ಆಮೇಲೆ ಮಾತು. ಇಲ್ದಿದ್ರೆ ನಾವೇ ಎದ್ದೋಯ್ತೀವಿ."

ಚಿಕ್ಕಮಾದಯ್ಯನವರು ಎದ್ದು ದೋಟಿ ಹಿಡಿದುಕೊಂಡರು. "ರಾತ್ರಿಯೆಲ್ಲ ದುಡ್ದು ಬಂದು ಮಲಗೈತೆ. ಸಂಜೆಗಂಟ ತಡ್ಕಳಿ, ಅದೇ ಎದ್ದೋಯ್ತದೆ."

"ದುಡಿಯಾದಾ? ಬಾಳೆಅಣ್ಣು ಕದಿಯಾದು ಅನ್ನಿ!"

"ಅದ್ರ ಡ್ಯೂಟಿ ಅದು."

"ಮಗನ್ ಮದ್ವೆ ಮುರ್ದೋಯ್ತಾ ಅದೆ, ಬೆಕ್ಕಿನ್ ನಿದ್ದೆ ಕಾಯ್ತೀಯಲ್ಲ! ಅತ್ಲಾಗೆ ನೀನೂ ಅಟ್ಟ ಅತ್ತಿ ಮಲ್ಕೊ ಓಗು!" ಎಂದರು ಚಿಕ್ಕಮಾದಮ್ಮ. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಪ್ರೀತಂನ ಮುಖ, ಕಾಫಿಗಿಂತ ಮೊದಲೇ ಆರಿಹೋಗಿತ್ತು.

ನಾನು ದೊಡ್ಡಮನುಷ್ಯತನಕ್ಕೆ ಮರಳಿ, "ಚಿಕ್ಕಮಾದಯ್ಯನೋರೆ, ಒಂದ್ಸಲ ಮೆಲ್ಲಗೆ ಎಬ್ಬಿಸಿ ನೋಡಿದ್ರೆ..." ಎಂದೆ.

"ನೀವು ತಲೆ ವರುಸ್ಕಳಿ ಮೇಷ್ಟ್ರೇ."

ಕರಿಯಯ್ಯ ಹೆಗಲ ಟವೆಲು ಕೊಡವಿ ಎದ್ದರು. ಮಗಳು ಏಳಲಿಲ್ಲ. ತೂಕಡಿಕೆ ಬಿಟ್ಟು ಕಣ್ಣರಳಿಸಿ ಚಿಕ್ಕಮಾದಯ್ಯನವರನ್ನೇ ನೋಡುತ್ತಿದ್ದಳು.

"ನಿಮ್ಮನೇಲಿ ರಾತ್ರಿ ಕೆಲ್ಸ ಮಾಡಿ ಬಂದೋರ್ನ ಅಗಲೊತ್ತು ಯಾರೂ ಎಬ್ಬುಸಲ್ವಾ ಮಾವ?"

ಆ 'ಮಾವ' ಎಲ್ಲರಿಗೂ ಕೇಳಿಸಿತು.

"ಯಾಕವ್ವ ಎಬ್ಬುಸ್ತಾರೆ?"

"ಕುಕ್ಕರು?"

"ಇತ್ಲಲ್ಲೈತೆ."

ಹುಡುಗಿ ಬಾಗಿಲ ಕಡೆ ತಿರುಗಿದಳು. "ನಿಮ್ ಬೈಕು?"

"ಬೀದಿ ಕೊನೇಲೇ ಆಫ್ ಮಾಡಿ ತಳ್ಕೊಂಡ್ ಬತ್ತೀನಿ" ಎಂದ ಪ್ರೀತಂ. ಅಂದು ಅವನಾಡಿದ್ದು ಅದೊಂದೇ ಮಾತು, ಅಷ್ಟೇ ಸಾಕಾಯಿತು.

"ಕೂತ್ಕೊಳಪ್ಪ. ನಂಗೆ ಒಪ್ಗೆ" ಎಂದಳು ಕುಸುಮ. ಗೋಡೆಗೆ ತಲೆಯಾನಿಸಿದಳು. ಉಪ್ಪಿಟ್ಟು ಬರುವಷ್ಟರಲ್ಲಿ ಪೂರ್ತಿ ನಿದ್ದೆ ಹೋಗಿದ್ದಳು. ಮೇಲೆ ಬಾಲ ಒಳಕ್ಕೆ ಸರಿದು, ಇನ್ನೊಂದು ಸಂದಿಯಲ್ಲಿ ಇಳಿಯಿತು. ನಾನು ಕುರ್ಚಿ ಪಕ್ಕಕ್ಕೆ ಸರಿಸಿಕೊಂಡೆ, ಎತ್ತಿ, ಸದ್ದಾಗದಂತೆ.

ಕರಿಯಯ್ಯ ಕೂತರು. ಆದರೆ ಹೆಣ್ಣು ಹೆತ್ತವರು ಒಂದಾದರೂ ಗಟ್ಟಿ ಪ್ರಶ್ನೆ ಕೇಳದೆ ಎಲೆಅಡಿಕೆ ಮುಟ್ಟುವುದುಂಟೆ? ಈಗ ಮುಚ್ಚಿಡಲು ಉಳಿದದ್ದೂ ಏನಿರಲಿಲ್ಲ. ಮಗಳತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ಅಲ್ಲ ಯಜಮಾನ್ರೇ, ಇವ್ಳು ಡ್ಯೂಟಿ ಮುಗ್ಸಿ ಬಂದು ಅಗಲೆಲ್ಲ ಇಂಗೇ ಮಲಗುದ್ರೆ, ನಿಮ್ಮನೆ ಕೆಲ್ಸ ಯಾರ್ ಮಾಡಾದು?"

ಚಿಕ್ಕಮಾದಯ್ಯನವರು ಉಪ್ಪಿಟ್ಟಿನ ತಟ್ಟೆಯಿಂದ ಮುಖವೆತ್ತಲಿಲ್ಲ.

"ಇಷ್ಟ್ ದಿವ್ಸ ಬೆಕ್ಕೇನ್ ಮಾಡ್ತಿತ್ತಾ ಸ್ವಾಮಿ?"