ಶನಿವಾರದ ವೋಲ್ಟೇಜು

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಬೇಗ ಬಿಸಿಯಾಗುವವನು ನಾನಲ್ಲ, ನನ್ನ ಲ್ಯಾಪ್‌ಟಾಪು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಹೆಂಡತಿ ಶಾಲಿನಿಯ ಅಭಿಪ್ರಾಯ ಬೇರೆಯೇ ಇದೆ.

ನಾನು ಪುಣೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ತೆಗೆಯುವವನು. ಯಾವ ಭಾಗ ಎಷ್ಟು ಭಾರಕ್ಕೆ ಮುರಿದೀತು ಎಂಬ ಲೆಕ್ಕವನ್ನು ಲ್ಯಾಪ್‌ಟಾಪಿಗೆ ಒಪ್ಪಿಸಿ ರಾತ್ರಿ ನೆಮ್ಮದಿಯಾಗಿ ಮಲಗಿಬಿಡುತ್ತೇನೆ. ಅದು ಬಿಬವೇವಾಡಿಯ ನಮ್ಮ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ, ಬೆಳಗಿನ ತನಕ ಕೂತು ಲೆಕ್ಕ ಬಿಡಿಸುತ್ತದೆ. ಪ್ರೊಸೆಸರು ಕುದಿಯುವ ನೀರಿಗೆ ಪೈಪೋಟಿ ಕೊಡುವಷ್ಟು ಬಿಸಿಯಾಗಿ, ಫ್ಯಾನು ಭೋರೆಂದು ಕೂಗುತ್ತಿತ್ತು. ನಮ್ಮ ಜನಕ್ಕೆ ಲೋಕದಲ್ಲಿ ಇರುವುದು ಎರಡೇ ಗುಣ: ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು. ವಿಜಯಪುರದಲ್ಲಿರುವ ನಮ್ಮವ್ವನಿಗೆ ಫೋನಿನಲ್ಲಿ ಈ ಕಷ್ಟ ಹೇಳಿಕೊಂಡರೆ, "ಅದಕ್ಕ ಭಾಳ ಉಷ್ಣ ಆಗೇದ ನೋಡು" ಎಂದಳು. ಮಜ್ಜಿಗೆ ಕುಡಿಸು ಎನ್ನಲಿಲ್ಲ, ಅದೇ ಪುಣ್ಯ.

ಮದ್ದು ಹೇಳಿದವನು ಆಫೀಸಿನ ಮರಾಠಿ ಗೆಳೆಯ. "ಅರೇ, ವ್ಹೋಲ್ಟೇಜ್ ಥೋಡ ಕಮೀ ಕರ್!" ವೋಲ್ಟೇಜು ಸ್ವಲ್ಪ ಇಳಿಸು ಅಂತ. ಪ್ರೊಸೆಸರ್ ತಯಾರಿಸುವವರು ಸ್ವಲ್ಪ ಅಳುಕಿನ ಜನವಂತೆ. ಒಂದೊಂದು ಚಿಪ್ಪೂ ಒಂದೊಂದು ಬಗೆ. ಅವುಗಳಲ್ಲಿ ತೀರಾ ಸೊರಗಿದ್ದೂ ನಡುವೆ ಕೈಕೊಡದಿರಲಿ ಎಂದು ಎಲ್ಲಕ್ಕೂ ಬೇಕಾದ್ದಕ್ಕಿಂತ ಹೆಚ್ಚೇ ವೋಲ್ಟೇಜು ಕೊಟ್ಟು ಕಳಿಸುತ್ತಾರೆ. ನೆಂಟರು ಬರುವ ದಿನ ಅಕ್ಕಿ ಅಳೆದ ಮೇಲೂ ಇರಲಿ ಎಂದು ಒಂದು ಹಿಡಿ ಸುರಿಯುವುದಿಲ್ಲವೇ, ಹಾಗೆ. ಆ ಒಂದು ಹಿಡಿಯನ್ನು ಹಿಂದಕ್ಕೆ ತೆಗೆದರೆ ಕೆಲಸವೇನೂ ಕಡಿಮೆಯಾಗದು, ಬಿಸಿ ಮಾತ್ರ ಇಳಿಯುತ್ತದೆ.

ಸಂಜೆಗಳೆಲ್ಲ ಅದಕ್ಕೇ ಮೀಸಲಾದವು. ಚೂರೇ ಚೂರು ಇಳಿಸುವುದು, ಲೆಕ್ಕ ಕೊಟ್ಟು ನೋಡುವುದು, ಮತ್ತೆ ಇಳಿಸುವುದು. ಒಮ್ಮೆ ದುರಾಸೆಪಟ್ಟಾಗ ಪರದೆ ನೀಲಿಯಾಗಿ ಮುನಿಸಿಕೊಂಡು ಮಲಗಿಬಿಟ್ಟಿತು. ತಪ್ಪಾಯಿತೆಂದು ಒಂದು ಹೆಜ್ಜೆ ಹಿಂದೆ ಸರಿದೆ. ಕೊನೆಗೆ ಒಂದು ಶನಿವಾರ ಸಂಜೆ ಎಲ್ಲ ಕೂಡಿಬಂತು. ಲ್ಯಾಪ್‌ಟಾಪು ಅಷ್ಟೇ ವೇಗವಾಗಿ ಓಡುತ್ತಿದೆ, ಫ್ಯಾನು ಪಿಸುಗುಡುತ್ತಿದೆ, ಮುಟ್ಟಿದರೆ ತಣ್ಣಗಿದೆ. ನಾನು ಹಿಗ್ಗಿಹೋದೆ. "ಬಾ ಇಲ್ಲಿ, ಮುಟ್ಟಿ ನೋಡು, ಹೆಂಗ ತಣ್ಣಗ ಅದ!" ಎಂದು ಕೂಗಿದೆ. ಶಾಲಿನಿ ಉದ್ದು ರುಬ್ಬುತ್ತಿದ್ದಳು. ಗ್ರೈಂಡರಿನ ಸದ್ದಿನ ನಡುವೆ "ಎಂತದೋ, ಒಳ್ಳೇದಾಯ್ತು" ಎಂದಳು. ಮದುವೆಯಾಗಿ ಬಹಳ ಕಾಲವಾದವರು ಒಬ್ಬರ ಗೆಲುವನ್ನು ಇನ್ನೊಬ್ಬರು ಕೇಳಿಸಿಕೊಳ್ಳುವುದು ಹೀಗೆಯೇ.

ಇಲ್ಲಿ ಶಾಲಿನಿಯ ಅಪ್ಪನ ವಿಷಯ ಹೇಳಬೇಕು. ಉಡುಪಿ ಕಡೆಯಿಂದ ಬಂದು ಜೀವಮಾನವಿಡೀ ಸದಾಶಿವ ಪೇಠದಲ್ಲಿ ಹೋಟೆಲ್ ನಡೆಸಿದವರು. ಮಗಳು ವಿಜಯಪುರದ ಹುಡುಗನನ್ನು ಮೆಚ್ಚಿದಾಗ ಅವರು ಜಾತಕ ಕೇಳಲಿಲ್ಲ, ಸಂಬಳ ಕೇಳಲಿಲ್ಲ. "ರೊಟ್ಟಿ ಮನೆಗೆ ಹೋದ್ರೆ ನಿನ್ಗೆ ಇಡ್ಲಿ ಮರೆತು ಹೋಗ್ತದೆ ಮಗಾ" ಎಂದಷ್ಟೇ ಹೇಳಿದರು. ಆ ಮಾತು ಅವಳಿಗೆ ಇನ್ನೂ ಚುಚ್ಚುತ್ತದೆ. ಭಾನುವಾರಗಳಂದು ಅವರು ತಿಂಡಿಗೆ ಬರುತ್ತಾರೆ. ಬಾಯಿಬಿಟ್ಟು ಹೊಗಳುವವರಲ್ಲ, ಇಡ್ಲಿ ಚೆನ್ನಾಗಿದ್ದರೆ ಎರಡನೇ ಸಲ ತಟ್ಟೆ ಮುಂದೆ ಚಾಚುತ್ತಾರೆ. ಶಾಲಿನಿ ವಾರವಿಡೀ ಕಾಯುವುದು ಆ ತಟ್ಟೆಗಾಗಿ.

ಮರುದಿನ ಅವರು ಬಂದರು. ಇಡ್ಲಿಯೂ ಬಂತು, ನಮ್ಮ ಕಾರ್ಖಾನೆಯ ಬಿಡಿಭಾಗದ ಹಾಗೆ ಗಟ್ಟಿಯಾಗಿ. ಮಾವ ಒಂದನ್ನು ಸಾಂಬಾರಿನಲ್ಲಿ ಅದ್ದಿ ಅದ್ದಿ ಮುಗಿಸಿ, "ಸಾಕು ಮಗಾ, ಹೊಟ್ಟೆ ಯಾಕೋ ಭಾರ ಉಂಟು" ಎಂದು ಕೈತೊಳೆದರು. ಅವರು ಹೊರಟು ಬಾಗಿಲು ಮುಚ್ಚಿದ್ದೇ ತಡ, ಶಾಲಿನಿಯ ಕಣ್ಣು ತುಂಬಿತು. ಅವಳು ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟು ನೋಡಿದಳು.

"ಇದಕ್ಕೆ ಎಂತ ಮಾಡಿದ್ರಿ ಮಾರಾಯ್ರೆ?"

ಆಗ ಗುಟ್ಟು ಹೊರಬಿತ್ತು. ಪುಣೆಯ ಜನವರಿ ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಅದಕ್ಕೇ ನಾನು ಮಲಗಿದ ಮೇಲೆ ಹಿಟ್ಟಿನ ಪಾತ್ರೆಯನ್ನು ತಂದು, ಲ್ಯಾಪ್‌ಟಾಪು ಬಿಸಿಗಾಳಿ ಉಗುಳುವ ಕಡೆಗೆ ಒತ್ತಿಟ್ಟು, ನಾನು ಏಳುವ ಮೊದಲೇ ಎತ್ತಿಬಿಡುತ್ತಿದ್ದಳಂತೆ. ನನಗೇಕೆ ಹೇಳಲಿಲ್ಲ ಎಂದು ಕೇಳುವ ಮುಖ ನನಗಿರಲಿಲ್ಲ. ಲ್ಯಾಪ್‌ಟಾಪಿನ ಸುತ್ತ ನೀರಿನ ಲೋಟ ಕೂಡ ಸುಳಿಯಕೂಡದೆಂಬ ಕಾನೂನು ಮಾಡಿದವನೇ ನಾನು. ಅಲ್ಲದೆ ನಾನು ರೊಟ್ಟಿಯ ನಾಡಿನವನು. ಜೋಳದ ರೊಟ್ಟಿ ಹಂಚಿಗೆ ಬಿದ್ದು ಕಣ್ಣೆದುರೇ ಉಬ್ಬುತ್ತದೆ. ರಾತ್ರಿಯಿಡೀ ಬೆಚ್ಚಗೆ ಹೊದಿಸಿ ಕಾಯಬೇಕಾದ ತಿಂಡಿಯ ಕಷ್ಟ ನನಗೆ ಹೇಗೆ ತಿಳಿಯಬೇಕು? ನಾನು ದಂಡವೆಂದು ತೆಗೆದುಹಾಕಿದ ಆ ಒಂದು ಹಿಡಿಯಲ್ಲಿ ನನ್ನ ಹೆಂಡತಿಯ ಮಾನ ಬೇಯುತ್ತಿತ್ತೆಂದು ತಿಳಿದು ನಿಜಕ್ಕೂ ಸಂಕಟವಾಯಿತು.

ಈಗ ನನ್ನ ಲ್ಯಾಪ್‌ಟಾಪಿನಲ್ಲಿ ವೋಲ್ಟೇಜಿನ ಎರಡು ಹೊಂದಿಕೆಗಳಿವೆ. ಒಂದರ ಹೆಸರು 'ಆಫೀಸು', ಇನ್ನೊಂದರ ಹೆಸರು 'ಮಾವ'. ಚಳಿಗಾಲದ ಶನಿವಾರ ಎರಡನೆಯದನ್ನು ಒತ್ತಿ, ಹಿಟ್ಟಿನ ಪಾತ್ರೆಯನ್ನು ನಾನೇ ತಂದು ಪಕ್ಕದಲ್ಲಿಡುತ್ತೇನೆ.

ಹಾಗೆ ಮೊದಲ ಸಲ ಇಟ್ಟ ಮರುದಿನ ಮಾವ ಬಂದು ತಿಂಡಿಗೆ ಕೂತಾಗ ಲೆಕ್ಕ ಇನ್ನೂ ಮುಗಿದಿರಲಿಲ್ಲ, ಫ್ಯಾನು ಅರಚುತ್ತಿತ್ತು.

"ಎಂತ ಮಾರಾಯ್ರೆ, ನಿಮ್ಮ ಕಂಪ್ಯೂಟರ್ ಹಾಳಾಗಿದ್ಯಾ? ಹೀಗೆ ಬೊಬ್ಬೆ ಹೊಡೀತದೆ!"

"ಇಲ್ರಿ ಮಾವಾರ, ಸ್ವಲ್ಪ ಉಷ್ಣ ಆಗೇದ" ಎಂದೆ.

ಅವರು ಹೌದೌದೆಂದು ತಲೆಯಾಡಿಸಿ, ತಟ್ಟೆಯಲ್ಲಿದ್ದುದನ್ನು ಮುಗಿಸಿ, ಶಾಲಿನಿಯ ಕಡೆ ನೋಡದೆಯೇ, ಎರಡನೇ ಸಲ ತಟ್ಟೆ ಚಾಚಿದರು.